ಯಂತ್ರಕ್ಕೆ ನಮ್ಮ ಮಾತು ತಿಳಿದೀತೇ?

ಪ್ರಶ್ನೆ ಕೇಳಿದರೆ ಉತ್ತರ ಹೇಳುವ, ವಿಷಯ ಕೊಟ್ಟರೆ ಪ್ರಬಂಧ ಬರೆಯುವ, ಪತ್ರವೊಂದನ್ನು ಮುಂದಿಟ್ಟರೆ ಕ್ಷಣಾರ್ಧದಲ್ಲಿ ಇನ್ನೊಂದು ಭಾಷೆಗೆ ತಿರುಗಿಸುವ ಕೃತಕ ಬುದ್ಧಿಮತ್ತೆಯು ನಮ್ಮ ಅಂಗಳವನ್ನು ದಾಟಿ ಮನೆಯೊಳಗೆ ಬಂದಿದೆ. 2022ರ ನವೆಂಬರಿನಲ್ಲಿ 'ಚಾಟ್ ಜಿಪಿಟಿ' ಜನಸಾಮಾನ್ಯರ ಕೈಗೆ ದೊರೆತಂದಿನಿಂದ ಈ ಯಂತ್ರವು ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದೆ, ಕಚೇರಿಗಳಿಗೆ ಅರ್ಜಿ ಬರೆದುಕೊಡುತ್ತಿದೆ. ಇದು ಬೇಕೇ ಬೇಡವೇ ಎಂದು ಚರ್ಚಿಸುವ ಕಾಲ ಕಳೆದುಹೋಗಿದೆ. ಇದನ್ನು ಹೇಗೆ ಬರಮಾಡಿಕೊಳ್ಳಬೇಕು, ನಮ್ಮ ಭಾಷೆ-ಸಂಸ್ಕೃತಿಗಳಿಗೆ ಇದರಲ್ಲಿ ಯಾವ ಸ್ಥಾನವಿದೆ ಎಂಬುದೇ ಈಗ ಪ್ರತಿ ಕುಟುಂಬವೂ ಯೋಚಿಸಬೇಕಾದ ಸಂಗತಿ.

ಬಿತ್ತಿದಂತೆ ಬೆಳೆ ಎಂಬ ಮಾತು ಈ ಯಂತ್ರಕ್ಕೆ ಚೆನ್ನಾಗಿ ಒಪ್ಪುತ್ತದೆ. ಅದು ನಮ್ಮಂತೆ ಅನುಭವದಿಂದ ಕಲಿಯುವುದಿಲ್ಲ. ಅಪಾರ ಪ್ರಮಾಣದ ಬರಹವನ್ನು ಅದಕ್ಕೆ ಉಣಿಸಲಾಗುತ್ತದೆ. ಯಾವ ಪದದ ಮುಂದೆ ಯಾವ ಪದ ಬರುವ ಸಂಭವ ಹೆಚ್ಚೆಂಬುದನ್ನು ಲೆಕ್ಕಹಾಕಿ ಅದು ವಾಕ್ಯಗಳನ್ನು ಹೆಣೆಯುತ್ತದೆ. ಅಂತರ್ಜಾಲದ ಬರಹದಲ್ಲಿ ಇಂಗ್ಲಿಷಿನದೇ ಸಿಂಹಪಾಲು. 2011ರ ಜನಗಣತಿಯಂತೆ ಕನ್ನಡವನ್ನು ಮಾತೃಭಾಷೆಯಾಗಿ ಉಳ್ಳವರು ಸುಮಾರು 4.37 ಕೋಟಿ ಜನ. ಆದರೂ ಅಂತರ್ಜಾಲದಲ್ಲಿ ಕನ್ನಡದ ಪಾಲು ನೂರರಲ್ಲಿ ಒಂದನ್ನೂ ಮುಟ್ಟುವುದಿಲ್ಲ. ಹೀಗಾಗಿ ಯಂತ್ರವು ಅನೇಕ ವೇಳೆ ಕನ್ನಡದ ಅಕ್ಷರಗಳಲ್ಲಿ ಇಂಗ್ಲಿಷಿನ ಮನಸ್ಸನ್ನೇ ಮಾತನಾಡಿಸುತ್ತದೆ.

ಇದರಿಂದ ಆಗುವ ನಷ್ಟವೇನೆಂಬುದಕ್ಕೆ ದೂರದ ಉದಾಹರಣೆ ಬೇಕಿಲ್ಲ. ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಇವರೆಲ್ಲರೂ ಇಂಗ್ಲಿಷಿನಲ್ಲಿ 'ಅಂಕಲ್' ಒಬ್ಬನೇ. ಒಮ್ಮೆ ಆ ಪದಕ್ಕೆ ಇಳಿದ ಸಂಬಂಧವು ಮರಳಿ ಕನ್ನಡಕ್ಕೆ ಬರುವಾಗ ಯಾರಾಗಿ ಬಂದೀತು? ಹಿರಿಯರಿಗೆ 'ನೀವು', ಕಿರಿಯರಿಗೆ 'ನೀನು' ಎಂಬ ವಿವೇಕವೂ ಆ ದಾರಿಯಲ್ಲಿ ಕಳೆದುಹೋಗುತ್ತದೆ. 'ಮಾಸ್' ಎಂಬ ಪದ ಭೌತಶಾಸ್ತ್ರದಲ್ಲಿ ದ್ರವ್ಯರಾಶಿ, ನಮ್ಮ ದೇವಾಲಯದಲ್ಲಿ ಬಲಿಪೂಜೆ. 'ಸಿಸ್ಟರ್' ಮನೆಯಲ್ಲಿ ಅಕ್ಕ ಅಥವಾ ತಂಗಿ, ಕಾನ್ವೆಂಟಿನಲ್ಲಿ ಧರ್ಮಭಗಿನಿ, ಆಸ್ಪತ್ರೆಯಲ್ಲಿ ದಾದಿ. ಇಂಥ ಭೇದಗಳನ್ನು ಯಂತ್ರಕ್ಕೆ ಕಲಿಸಬಲ್ಲವರು ಆ ಭಾಷೆಯಲ್ಲಿ ಬಾಳುವವರೇ ಹೊರತು ದೂರದ ದೇಶದ ತಂತ್ರಜ್ಞರಲ್ಲ.

ನಮ್ಮ ದೇಶವು ಈ ವಿಷಯದಲ್ಲಿ ಕೈಕಟ್ಟಿ ಕುಳಿತಿಲ್ಲ. 2022ರ ಜುಲೈ ತಿಂಗಳಲ್ಲಿ ಕೇಂದ್ರ ಸರಕಾರವು 'ಭಾಷಿಣಿ' ಯೋಜನೆಯನ್ನು ಆರಂಭಿಸಿತು. ನಾಗರಿಕರು ತಮ್ಮ ಧ್ವನಿಯನ್ನೂ ಬರಹವನ್ನೂ ಕಾಣಿಕೆಯಾಗಿ ನೀಡಲು 'ಭಾಷಾದಾನ' ಎಂಬ ವ್ಯವಸ್ಥೆ ಅದರಲ್ಲಿದೆ. ಮದ್ರಾಸಿನ ಐಐಟಿಯ 'ಎಐ4ಭಾರತ್' ತಂಡವು ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಿಗೂ ಅನುವಾದದ ಸಾಧನವನ್ನು ರೂಪಿಸಿ, ಯಾರು ಬೇಕಾದರೂ ಬಳಸುವಂತೆ ತೆರೆದಿಟ್ಟಿದೆ. 2024ರ ಮಾರ್ಚಿನಲ್ಲಿ 10,300 ಕೋಟಿ ರೂಪಾಯಿಗೂ ಮಿಕ್ಕಿದ ವೆಚ್ಚದ 'ಇಂಡಿಯಾ ಎಐ' ಅಭಿಯಾನಕ್ಕೆ ಕೇಂದ್ರ ಸಂಪುಟದ ಒಪ್ಪಿಗೆ ದೊರೆತಿದೆ. ಬೆಂಗಳೂರಿನ 'ಕಾರ್ಯ' ಸಂಸ್ಥೆಯು ಹಳ್ಳಿಗಾಡಿನ ಜನರಿಂದ ಕನ್ನಡದ ವಾಕ್ಯಗಳನ್ನು ಓದಿಸಿ ಧ್ವನಿಮುದ್ರಿಸಿಕೊಂಡು, ಕನಿಷ್ಠ ವೇತನಕ್ಕಿಂತ ಹೆಚ್ಚಿನ ಸಂಭಾವನೆ ನೀಡುತ್ತದೆ. ಆ ಧ್ವನಿ ಮತ್ತೆ ಮಾರಾಟವಾದಾಗ ಓದಿದವರಿಗೂ ಪಾಲು ಸಲ್ಲಬೇಕೆಂಬ ನಿಯಮವನ್ನಿಟ್ಟುಕೊಂಡಿದೆ. ಭಾಷೆಯ ಒಡೆತನ ಅದನ್ನಾಡುವವರದು ಎಂಬ ತತ್ವ ಇಲ್ಲಿ ಮಾತಿನಲ್ಲಷ್ಟೇ ಉಳಿದಿಲ್ಲ ಎಂಬುದು ಸಂತೋಷದ ವಿಷಯ.

ಆದರೆ ಕರಾವಳಿಯ ಕಥೋಲಿಕ ಕುಟುಂಬಗಳು ವಿಶೇಷವಾಗಿ ಗಮನಿಸಬೇಕಾದ ಮಾತೊಂದಿದೆ. 1992ರಲ್ಲಿ ಕೊಂಕಣಿಯು ಎಂಟನೆಯ ಅನುಸೂಚಿಗೆ ಸೇರಿತು. ಅದೇ ಕಾರಣದಿಂದ ಮೇಲೆ ಹೇಳಿದ 22 ಭಾಷೆಗಳಲ್ಲಿ ಅದಕ್ಕೂ ಸ್ಥಾನ ಸಿಕ್ಕಿತು. 2022ರ ಮೇ ತಿಂಗಳಲ್ಲಿ ಗೂಗಲ್ ಅನುವಾದ ಸೇವೆಯೂ ಅದನ್ನು ಸೇರಿಸಿಕೊಂಡಿತು. ಆದರೆ ಈ ಸಾಧನಗಳು ಬರೆಯಲು ಕಲಿತ ಕೊಂಕಣಿ ದೇವನಾಗರಿ ಲಿಪಿಯದು. 1912ರ 'ಕೊಂಕ್ಣಿ ದಿರ್ವೆಂ', 1938ರಲ್ಲಿ ಆರಂಭವಾದ 'ರಾಕ್ಣೊ' ಮೊದಲಾದ ಪತ್ರಿಕೆಗಳು ಕನ್ನಡ ಲಿಪಿಯಲ್ಲಿ ಕಟ್ಟಿಕೊಟ್ಟ ಕೊಂಕಣಿಯ ಸಂಪತ್ತು ಯಂತ್ರದ ಕಣ್ಣಿಗೆ ಬಿದ್ದಿರುವುದು ಅತ್ಯಲ್ಪ. ಇತ್ತ ಅನುಸೂಚಿಯ ಹೊರಗೇ ಉಳಿದಿರುವ ತುಳು ಭಾಷೆಯು 2024ರ ಜೂನಿನಲ್ಲಿ ಅದೇ ಅನುವಾದ ಸೇವೆಗೆ ಸೇರಿತು. ನಮ್ಮ ಮಕ್ಕಳು ಅಜ್ಜಿಯ ಭಾಷೆಯನ್ನು ಯಂತ್ರದಲ್ಲಿ ಹುಡುಕಿದಾಗ ಅಜ್ಜಿಗೆ ಓದಲು ಬಾರದ ಲಿಪಿಯೇ ಎದುರಾದರೆ ಆ ಸಂಪತ್ತು ಒಂದು ತಲೆಮಾರಿನೊಳಗೆ ಮೌನವಾಗಿಬಿಡಬಹುದು.

ಧರ್ಮಸಭೆಯೂ ಈ ಕುರಿತು ಸ್ಪಷ್ಟವಾಗಿ ಮಾತನಾಡಿದೆ. 2024ರ ಜೂನ್ 14ರಂದು ಇಟಲಿಯಲ್ಲಿ ನಡೆದ ಜಿ-7 ರಾಷ್ಟ್ರಗಳ ಶೃಂಗಸಭೆಯಲ್ಲಿ ಪೋಪ್ ಫ್ರಾನ್ಸಿಸರು, ಮನುಷ್ಯರ ಬಾಳಿಗೆ ಸಂಬಂಧಿಸಿದ ನಿರ್ಧಾರ ಮನುಷ್ಯರ ಕೈಯಲ್ಲೇ ಇರಬೇಕೆಂದು ಒತ್ತಿ ಹೇಳಿದರು. ಒಂದೇ ಬಗೆಯ ಸಂಸ್ಕೃತಿಯನ್ನು ಎಲ್ಲರ ಮೇಲೆ ಹೇರುವ ಅಪಾಯವನ್ನೂ ಅಲ್ಲಿ ನೆನಪಿಸಿದರು. 2025ರ ಮೇ ತಿಂಗಳಲ್ಲಿ ಆಯ್ಕೆಯಾದ ಪೋಪ್ ಹದಿನಾಲ್ಕನೆಯ ಲಿಯೋ ಅವರು ತಾವು ಆ ಹೆಸರನ್ನು ಆರಿಸಿಕೊಂಡ ಕಾರಣ ಹೇಳುವಾಗ, ಕಾರ್ಮಿಕರ ಬವಣೆಗೆ 1891ರಲ್ಲಿ ದನಿಯಾದ ಹದಿಮೂರನೆಯ ಲಿಯೋ ಅವರನ್ನೂ ಇಂದಿನ ಕೃತಕ ಬುದ್ಧಿಮತ್ತೆಯನ್ನೂ ಒಟ್ಟಿಗೆ ಪ್ರಸ್ತಾಪಿಸಿದರು. ಅಂದು ಕಾರ್ಖಾನೆಯಲ್ಲಿ ಎದ್ದ ಪ್ರಶ್ನೆ ಇಂದು ಈ ಯಂತ್ರದ ಮುಂದೆ ಎದ್ದಿದೆ: ಲಾಭ ಯಾರಿಗೆ, ಭಾರ ಯಾರಿಗೆ?

ಹಾಗಾದರೆ ನಾವೇನು ಮಾಡಬಹುದು? ಮೊದಲನೆಯದಾಗಿ, ಯಂತ್ರ ಹೇಳಿದ್ದೆಲ್ಲ ಸತ್ಯವಲ್ಲ ಎಂಬುದನ್ನು ಮಕ್ಕಳಿಗೆ ಕಲಿಸೋಣ. ಇಲ್ಲದ ಗ್ರಂಥವನ್ನೂ ನಡೆಯದ ಘಟನೆಯನ್ನೂ ಅದು ಅನುಮಾನಕ್ಕೆಡೆಯಿಲ್ಲದ ಧಾಟಿಯಲ್ಲಿ ಹೇಳಬಲ್ಲದು. ಔಷಧ, ಕಾನೂನು, ಹಣದ ವಿಷಯಗಳಲ್ಲಿ ಬಲ್ಲವರನ್ನು ಕೇಳದೆ ಹೆಜ್ಜೆಯಿಡಬಾರದು. ಎರಡನೆಯದಾಗಿ, ಮನೆಯ ಗುಟ್ಟನ್ನು, ಮಕ್ಕಳ ಚಿತ್ರಗಳನ್ನು, ರೋಗಿಯ ವರದಿಗಳನ್ನು ಅದರ ಮುಂದೆ ಸುರಿಯದಿರೋಣ. ಹದಿನೆಂಟು ತುಂಬದವರ ಮಾಹಿತಿಯನ್ನು ಬಳಸಲು ತಂದೆತಾಯಿಯರ ಸಮ್ಮತಿ ಬೇಕೆಂದು ನಮ್ಮ ದೇಶದ 2023ರ ಮಾಹಿತಿ ಸಂರಕ್ಷಣಾ ಕಾಯಿದೆಯೇ ವಿಧಿಸಿದೆ. ಆ ಸಮ್ಮತಿಯನ್ನು ಓದಿ ನೋಡದೆ ಕೊಡುವುದು ಪಾಲಕರಿಗೆ ತಕ್ಕುದಲ್ಲ.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ಅಟ್ಟದಲ್ಲಿ ಗೆದ್ದಲಿಗೆ ಆಹಾರವಾಗುತ್ತಿರುವ ಹಳೆಯ ಪತ್ರಿಕೆಗಳನ್ನು, ಹಿರಿಯರ ಬಾಯಲ್ಲಷ್ಟೇ ಉಳಿದಿರುವ ಹಾಡು, ಗಾದೆ, ಅಡುಗೆಯ ಮಾತುಗಳನ್ನು ಅವರ ಒಪ್ಪಿಗೆ ಪಡೆದು ಉಳಿಸಿಡೋಣ. ಪ್ರತಿ ಧರ್ಮಕೇಂದ್ರದ ಯುವಜನರು ವಾರಕ್ಕೊಂದು ಗಂಟೆ ಈ ಕೆಲಸಕ್ಕೆ ಕುಳಿತರೂ ಸಾಕು. ನಾವು ಬಿತ್ತದೆ ಬಿಟ್ಟ ಗದ್ದೆಯಲ್ಲಿ ಕಳೆಯಲ್ಲದೆ ಬೇರೇನು ಬೆಳೆದೀತು? ಯಂತ್ರವು ನಾಳೆ ನಮ್ಮ ಮೊಮ್ಮಕ್ಕಳೊಡನೆ ಯಾವ ಮಾತಿನಲ್ಲಿ ಮಾತನಾಡಬೇಕೆಂಬುದನ್ನು ಇಂದು ತೀರ್ಮಾನಿಸಬೇಕಾದವರು ನಾವೇ.