ಕಾಮಗಾರಿಯ ನಿರ್ಣಾಯಕ ಹಾದಿ

ಕಾಮಗಾರಿಯೊಂದನ್ನು ಯೋಜಿಸುವಾಗ ಕೆಲಸಗಳನ್ನು ಪಟ್ಟಿ ಮಾಡಿ ಪ್ರತಿಯೊಂದಕ್ಕೂ ಹಿಡಿಯುವ ದಿನಗಳನ್ನು ಬರೆದುಕೊಳ್ಳುವುದು ಸುಲಭ. ಯಾವ ಕೆಲಸ ಮುಗಿಯದೆ ಯಾವುದು ಆರಂಭವಾಗದು ಎಂಬ ಅವಲಂಬನೆಯನ್ನು ಗುರುತಿಸುವುದು ಕಷ್ಟ, ಮತ್ತು ವೇಳಾಪಟ್ಟಿಯ ಪ್ರಯೋಜನವೆಲ್ಲ ನಿಂತಿರುವುದು ಈ ಎರಡನೆಯದರ ಮೇಲೆ. 20ನೇ ಶತಮಾನದ ಆರಂಭದಲ್ಲಿ ಅಮೆರಿಕದ ಎಂಜಿನಿಯರ್ ಹೆನ್ರಿ ಗ್ಯಾಂಟ್ ಬಳಕೆಗೆ ತಂದ ಗ್ಯಾಂಟ್ ಚಾರ್ಟಿನಲ್ಲಿ ಪ್ರತಿ ಕೆಲಸವೂ ದಿನಾಂಕಗಳ ಸಾಲಿನ ಕೆಳಗೆ ಒಂದೊಂದು ಅಡ್ಡಪಟ್ಟಿಯಾಗಿ ಕಾಣುತ್ತದೆಯಾದರೂ ಅದರ ಮೂಲರೂಪದಲ್ಲಿ ಅವಲಂಬನೆ ಸ್ಪಷ್ಟವಾಗಿ ಕಾಣುತ್ತಿರಲಿಲ್ಲ. ಆ ಕೊರತೆಯನ್ನು ನೀಗಿದ್ದು 1957ರ ಸುಮಾರಿಗೆ ಡ್ಯುಪಾಂಟ್ ಕಂಪನಿಯ ಮಾರ್ಗನ್ ವಾಕರ್ ಮತ್ತು ರೆಮಿಂಗ್ಟನ್ ರ‍್ಯಾಂಡ್ ಕಂಪನಿಯ ಜೇಮ್ಸ್ ಕೆಲ್ಲಿ ಕೂಡಿ ರೂಪಿಸಿದ ಕ್ರಿಟಿಕಲ್ ಪಾತ್ ಮೆಥಡ್, ಅಂದರೆ ನಿರ್ಣಾಯಕ ಹಾದಿಯ ವಿಧಾನ.

ಸಾಧಾರಣ ಮನೆಯೊಂದರ ಲೆಕ್ಕವನ್ನೇ ತೆಗೆದುಕೊಂಡರೆ, ಪಾಯಕ್ಕೆ 20 ದಿನ, ಗೋಡೆಗೆ 25, ಸೆಂಟ್ರಿಂಗ್ ಕಟ್ಟಿ ತಾರಸಿ ಹಾಕಲು 12, ನೀರುಣಿಸಿ ಸೆಂಟ್ರಿಂಗ್ ಬಿಚ್ಚುವವರೆಗೆ 14, ಗಾರೆಗೆ 20, ನೆಲಹಾಸಿಗೆ 15 ದಿನ ಎಂದಿಟ್ಟುಕೊಳ್ಳಬಹುದು. ಇವು ಒಂದರ ಬೆನ್ನಿಗೆ ಒಂದು ನಡೆಯಲೇಬೇಕಾದ್ದರಿಂದ ಒಟ್ಟು 106 ದಿನ ಬೇಕು. ಬಾಗಿಲುಗಳನ್ನು ಮಾಡಲು ಬಡಗಿಗೆ 40 ದಿನ ಬೇಕಾದರೂ ಅವನ್ನು ಕೂರಿಸುವುದು ನೆಲಹಾಸು ಮುಗಿದ ಮೇಲೆಯೇ ಆದ್ದರಿಂದ ಮರಗೆಲಸಕ್ಕೆ 66 ದಿನಗಳ ಸಡಿಲು ಇದೆ. ಸಡಿಲಿಲ್ಲದ ಮೊದಲ ಸರಣಿಯೇ ನಿರ್ಣಾಯಕ ಹಾದಿ. ಅದರಲ್ಲಿ ಒಂದು ದಿನ ತಡವಾದರೆ ಗೃಹಪ್ರವೇಶವೂ ಒಂದು ದಿನ ಮುಂದೆ ಹೋಗುತ್ತದೆ; ಬಡಗಿ ಒಂದು ತಿಂಗಳು ತಡವಾಗಿ ಬಂದರೂ ಏನೂ ಕೆಡುವುದಿಲ್ಲ, ಆದರೆ 70 ದಿನ ತಡಮಾಡಿದರೆ ನಿರ್ಣಾಯಕ ಹಾದಿಯೇ ಮರಗೆಲಸದ ಕಡೆಗೆ ಹೊರಳಿ ಮನೆ 4 ದಿನ ತಡವಾಗುತ್ತದೆ. ಎಲ್ಲ ಕೆಲಸಗಳನ್ನೂ ಒಂದೇ ಸಮನೆ ಅವಸರಿಸುವ ಮೇಲ್ವಿಚಾರಣೆ ದುಡ್ಡನ್ನೂ ಜನರ ದುಡಿಮೆಯನ್ನೂ ವ್ಯರ್ಥ ಮಾಡುತ್ತದೆಂಬುದು ಈ ಲೆಕ್ಕದಿಂದ ತಿಳಿಯುತ್ತದೆ. ಅವಸರಿಸಬೇಕಾದ ಹಾದಿಯಲ್ಲೂ ದುಡ್ಡಿಗೆ ಬಗ್ಗುವ ಕೆಲಸಗಳು ಕೆಲವೇ: ಇನ್ನೊಂದು ಜೊತೆ ಗಾರೆಯವರನ್ನು ಕರೆತಂದರೆ ಗಾರೆಯ ದಿನಗಳು ಕಡಿಮೆಯಾದಾವು, ಎಷ್ಟು ಆಳುಗಳನ್ನು ತಂದರೂ ಕಾಂಕ್ರೀಟು ಬೇಗ ಬಲಿಯುವುದಿಲ್ಲ.

ಹಿಂದೆ ಯಾರೂ ಮಾಡಿರದ ಕೆಲಸಕ್ಕೆ ಇಂತಿಷ್ಟೇ ದಿನ ಎಂದು ಹೇಳುವುದಾದರೂ ಹೇಗೆ? ಅಮೆರಿಕದ ನೌಕಾಪಡೆ 1958ರಲ್ಲಿ ಪೊಲಾರಿಸ್ ಕ್ಷಿಪಣಿಗಾಗಿ ರೂಪಿಸಿದ ಪರ್ಟ್ ವಿಧಾನದಲ್ಲಿ ಪ್ರತಿ ಕೆಲಸಕ್ಕೂ ಎಲ್ಲ ಅನುಕೂಲಿಸಿದರೆ, ಸಾಮಾನ್ಯವಾಗಿ ನಡೆದರೆ, ಎಲ್ಲ ಕೆಟ್ಟರೆ ಎಂಬ ಮೂರು ಅಂದಾಜುಗಳನ್ನು ಕೇಳಿ, ನಡುವಿನದಕ್ಕೆ ನಾಲ್ಕು ಪಟ್ಟು ತೂಕ ಕೊಟ್ಟು, ಒಟ್ಟನ್ನು ಆರರಿಂದ ಭಾಗಿಸುತ್ತಾರೆ. ಬಡಗಿಯ ಅಂದಾಜು 30, 40, 74 ದಿನಗಳಾದರೆ ನಿರೀಕ್ಷಿತ ಅವಧಿ 44 ದಿನ. ಕೆಲಸ ಬೇಗ ಮುಗಿಯುವುದಕ್ಕೆ ಒಂದು ಮಿತಿಯಿದ್ದು ತಡವಾಗುವುದಕ್ಕೆ ಅಂಥ ಮಿತಿಯಿಲ್ಲವೆಂಬ ಅನುಭವ ಈ ಲೆಕ್ಕದೊಳಗೆ ಸೇರಿಕೊಂಡಿದೆ.

ಕೆಲಸ ಆರಂಭವಾದ ಮೇಲೆ ವೇಳಾಪಟ್ಟಿಯನ್ನು ಗೋಡೆಗೆ ಅಂಟಿಸಿ ಮರೆಯುವುದೇ ಹೆಚ್ಚಿನ ಕಾಮಗಾರಿಗಳನ್ನು ಕೆಡಿಸುತ್ತದೆ. ನಿಯಂತ್ರಣವೆಂದರೆ ಆಗಬೇಕಾಗಿದ್ದ ಕೆಲಸ, ಆದ ಕೆಲಸ, ಆದ ಖರ್ಚು ಈ ಮೂರನ್ನೂ ಅಕ್ಕಪಕ್ಕದಲ್ಲಿಟ್ಟು ಆಗಾಗ ನೋಡುವುದು. ಈ ಹೊತ್ತಿಗೆ 4 ಲಕ್ಷ ರೂಪಾಯಿಯ ಕೆಲಸ ಆಗಬೇಕಿತ್ತು, ಖರ್ಚಾದದ್ದು 3.5 ಲಕ್ಷ ಎಂಬ ಎರಡೇ ಅಂಕಿಗಳನ್ನು ನೋಡುವವರಿಗೆ ಅರ್ಧ ಲಕ್ಷ ಉಳಿದಂತೆ ಕಾಣುತ್ತದೆ. ಆದರೆ ನಿಜವಾಗಿ ಮುಗಿದ ಕೆಲಸದ ಅಂದಾಜು ಬೆಲೆ 3 ಲಕ್ಷವಾಗಿದ್ದರೆ ಕಾಮಗಾರಿ 1 ಲಕ್ಷದಷ್ಟು ಹಿಂದುಳಿದಿದೆ, ಆದ ಕೆಲಸಕ್ಕೂ ಅರ್ಧ ಲಕ್ಷ ಹೆಚ್ಚು ವೆಚ್ಚವಾಗಿದೆ. ಗಳಿಸಿದ ಮೌಲ್ಯ ಎಂದು ಕರೆಯಲಾಗುವ ಈ ಮೂರನೆಯ ಅಂಕಿಯನ್ನು ಅಮೆರಿಕದ ರಕ್ಷಣಾ ಇಲಾಖೆ 1967ರಲ್ಲಿ ತನ್ನ ದೊಡ್ಡ ಗುತ್ತಿಗೆಗಳಿಗೆ ಕಡ್ಡಾಯಗೊಳಿಸಿತು. ಸ್ಥಳಕ್ಕೆ ಹೋಗಿ ಅಳತೆ ಹಿಡಿಯದೆ ಕಚೇರಿಯಲ್ಲಿ ಕುಳಿತು ಅದನ್ನು ತುಂಬಲು ಬರುವುದಿಲ್ಲ.