ಪರದೆ ಮೇಲಿನ ಅರಿಶಿನ ದರ ಓದೋದು ಹೇಗೆ?

ಅರಿಶಿನ ಬೇಯಿಸಿ, ಒಣಗಿಸಿ ಇಟ್ಟವರು ಕೇಳೋದು ಒಂದೇ: ಈಗ ಮಾರೋದಾ, ಇಡೋದಾ? ಉತ್ತರಕ್ಕೆ ಬಹಳ ಜನ ಮೊಬೈಲ್‌ನಲ್ಲಿ ಎನ್‌ಸಿಡಿಇಎಕ್ಸ್ ದರ ನೋಡ್ತಾರೆ.

ಮುಂಬೈಯ ಈ ವಿನಿಮಯ ಕೇಂದ್ರ ವಹಿವಾಟು ಶುರು ಮಾಡಿದ್ದು 2003ರ ಡಿಸೆಂಬರ್‌ನಲ್ಲಿ. 2015ರಿಂದ ಷೇರುಪೇಟೆಯಂತೆ ಇದಕ್ಕೂ ಸೆಬಿಯ ಕಣ್ಗಾವಲು. ಕೂಗುವ ಹರಾಜಿಲ್ಲ, ಟವೆಲ್ ಅಡಿ ಬೆರಳು ಹಿಡಿಯೋ ವ್ಯಾಪಾರವೂ ಇಲ್ಲ. ಕೊಳ್ಳುವವರನ್ನೂ ಮಾರುವವರನ್ನೂ ಕಂಪ್ಯೂಟರೇ ಜೋಡಿಸುತ್ತೆ. ಉತ್ತಮ ದರ ಹೇಳಿದವರು ಮೊದಲು. ದರ ಸಮ ಇದ್ದರೆ ಮುಂಚೆ ಬಂದವರು.

ಆದರೆ ಅಲ್ಲಿ ಕಾಣೋದು ಇವತ್ತಿನ ಮಂಡಿ ದರ ಅಲ್ಲ, ಮುಂದಿನ ತಿಂಗಳ ವಾಯಿದೆ ದರ. ಅದೂ ನಿಜಾಮಾಬಾದ್ ಲೆಕ್ಕದ್ದು. ಒಂದು ಲಾಟ್ ಅಂದ್ರೆ 5 ಟನ್. ಮಾರ್ಜಿನ್ ಹಣ ಮೊದಲೇ ಕಟ್ಟಬೇಕು. ನೀವು ಮಾರಿದ ಮೇಲೆ ದರ ಕ್ವಿಂಟಲಿಗೆ 500 ರೂಪಾಯಿ ಏರಿತು ಅನ್ನಿ, ಲಾಟಿಗೆ 25,000 ತುಂಬಲೇಬೇಕು. ಮಾಲು ನಿಮ್ಮ ಮನೇಲೇ ಇದ್ದರೂ ಸರಿ! ನಮ್ಮಂಥ ಸಾವಯವದವರಿಗೆ ಬೇರೆ ದರವೂ ಇಲ್ಲ.

ಹಾಗಾಗಿ ನಾನು ಅಲ್ಲಿ ಮಾರೋದಿಲ್ಲ, ಲೆಕ್ಕಕ್ಕೆ ಮಾತ್ರ ನೋಡ್ತೀನಿ. ವಾಯಿದೆ ದರದಿಂದ ಸಾಗಣೆ, ಗೋದಾಮು ಬಾಡಿಗೆ, ಸಾಲದ ಬಡ್ಡಿ, ತೂಕದ ಇಳಿತ ಕಳೆಯಿರಿ. ಉಳಿದದ್ದು ಇವತ್ತಿನ ಮಂಡಿ ದರಕ್ಕಿಂತ ಕಮ್ಮಿಯಾದ್ರೆ ಮೂಟೆ ಇಟ್ಟುಕೊಂಡು ಕಾಯಬೇಡಿ.