ಹುಳಿ ಮಣ್ಣಿನಲ್ಲಿ ಸೊರಗುವ ಬೇಳೆಕಾಳು

ಬೇಳೆಯ ಸಾರಿಲ್ಲದ ಊಟ ನಮ್ಮ ಮನೆಗಳಲ್ಲಿ ವಿರಳ. ಶಾಕಾಹಾರದ ಕುಟುಂಬಗಳಿಗೆ ತೊಗರಿ, ಹೆಸರು, ಉದ್ದು, ಅಲಸಂದೆಗಳೇ ಸಸಾರಜನಕದ ಮುಖ್ಯ ಆಸರೆ. ಆದರೆ ಆ ಕಾಳು ಬೆಳೆಯುವ ಮಣ್ಣಿನ ಆರೋಗ್ಯವನ್ನು ನಾವು ವಿಚಾರಿಸುವುದು ಅಪರೂಪ. ಮಲೆನಾಡು ಹಾಗೂ ಕರಾವಳಿಯ ಎಷ್ಟೋ ಹೊಲಗಳಲ್ಲಿ ಗೊಬ್ಬರವಿತ್ತರೂ ಕಾಳಿನ ಗಿಡ ಹಳದಿಗೊಂಡು ಕುಗ್ಗುವುದುಂಟು. ಅದಕ್ಕೊಂದು ಮುಖ್ಯ ಕಾರಣ ಮಣ್ಣಿನ ಹುಳಿ, ಅರ್ಥಾತ್ ಆಮ್ಲೀಯತೆ.

ಈ ಹುಳಿಯನ್ನು ಅಳೆಯುವ ಮಾನ ರಸಸಾರ. 7 ಎಂಬುದು ತಟಸ್ಥ ಸ್ಥಿತಿ. ಅಲ್ಲಿಂದ ಒಂದು ಅಂಕ ಇಳಿದರೆ ಹುಳಿ 10 ಪಟ್ಟು ಏರುತ್ತದೆ. ಧಾರಾಕಾರ ಮಳೆಯು ಸುಣ್ಣದ ಅಂಶವನ್ನು ತೊಳೆದೊಯ್ಯುವುದರಿಂದ ಜಂಬಿಟ್ಟಿಗೆ ಮಣ್ಣು ಹುಳಿಯಾಗುತ್ತದೆ. ಅಮೋನಿಯಂ ರಸಗೊಬ್ಬರಗಳ ದೀರ್ಘಕಾಲದ ಬಳಕೆಯೂ ಅದನ್ನು ಹೆಚ್ಚಿಸುತ್ತದೆ.

ದ್ವಿದಳ ಸಸ್ಯಗಳಿಗೆ ಈ ಪೆಟ್ಟು ಎರಡು ಬಗೆಯದು. ಅವುಗಳ ಬೇರುಗಂಟುಗಳಲ್ಲಿ ನೆಲೆಸಿದ ರೈಜೋಬಿಯಂ ಎಂಬ ಸೂಕ್ಷ್ಮಜೀವಿ ಗಾಳಿಯ ಸಾರಜನಕವನ್ನು ಗಿಡಕ್ಕೆ ಉಣಿಸುತ್ತದೆ. ಪ್ರತಿಯಾಗಿ ಗಿಡವು ಅದಕ್ಕೆ ಸಕ್ಕರೆಯನ್ನೀಯುತ್ತದೆ. 1888ರಲ್ಲಿ ಡಚ್ ವಿಜ್ಞಾನಿ ಬೈಜೆರಿಂಕ್ ಅವರು ಈ ಜೀವಿಯನ್ನು ಬೇರ್ಪಡಿಸಿ ತೋರಿಸಿದರು. ರಸಸಾರವು 5.5ಕ್ಕಿಂತ ಕೆಳಗಿಳಿದಾಗ ಮಣ್ಣಿನ ಅಲ್ಯೂಮಿನಿಯಂ ಕರಗಿ ಬೇರಿನ ತುದಿಯನ್ನು ಮೊಂಡಾಗಿಸುತ್ತದೆ. ರಂಜಕವು ಕಬ್ಬಿಣ, ಅಲ್ಯೂಮಿನಿಯಂಗಳೊಡನೆ ಬಂಧಿತವಾಗಿ ಗಿಡಕ್ಕೆ ದಕ್ಕದು. ಸಾರಜನಕ ಸ್ಥಿರೀಕರಣಕ್ಕೆ ಅವಶ್ಯವಾದ ಮಾಲಿಬ್ಡಿನಂ ಸಹ ವಿರಳವಾಗುತ್ತದೆ. ಗಿಡದೊಡನೆ ಅದನ್ನು ಪೋಷಿಸುವ ಜೀವಿಯೂ ಸೊರಗುತ್ತದೆ. ಸುತ್ತಲೂ ಸಾರಜನಕ ತುಂಬಿದ ಗಾಳಿಯಿದ್ದರೂ ಗಿಡ ಹಸಿದು ನಿಲ್ಲುತ್ತದೆ.

ಇದನ್ನರಿಯಲು ಸುಲಭೋಪಾಯವೊಂದುಂಟು. ಹೂವಾಡುವ ವೇಳೆಗೆ ಒಂದು ಗಿಡವನ್ನು ಮಣ್ಣುಸಹಿತ ಮೆಲ್ಲನೆ ಅಗೆದು ಬೇರುಗಂಟನ್ನು ಸೀಳಿ ನೋಡಬೇಕು. ಒಳಗೆ ನಸುಗೆಂಪಿದ್ದರೆ ಗಂಟು ದುಡಿಯುತ್ತಿದೆ. ಬಿಳುಪೋ ಹಸಿರೋ ಇದ್ದರೆ ದುಡಿಯುತ್ತಿಲ್ಲ. ಆಗ ಕಾರಣವನ್ನು ಮಣ್ಣು ಪರೀಕ್ಷೆಯಿಂದ ನಿಶ್ಚಯಿಸಿಕೊಳ್ಳುವುದು ಯುಕ್ತ.

ಮಣ್ಣು ಹುಳಿಯೆಂದು ತಿಳಿದಲ್ಲಿ, ಪರೀಕ್ಷೆ ಸೂಚಿಸಿದ ಪ್ರಮಾಣದ ಕೃಷಿ ಸುಣ್ಣವನ್ನು ಬಿತ್ತನೆಗೆ ಕೆಲವು ವಾರ ಮೊದಲೇ ಮಣ್ಣಿನಲ್ಲಿ ಬೆರೆಸಬೇಕು. ಅಮೋನಿಯಂ ಗೊಬ್ಬರದೊಡನೆ ಅದನ್ನು ಕೂಡಿಸಿದರೆ ಸಾರಜನಕ ಗಾಳಿಗೆ ಹೋದೀತು. ಕೊಟ್ಟಿಗೆ ಗೊಬ್ಬರವೂ, ನೆರಳಿನಲ್ಲಿ ಮಾಡಿದ ರೈಜೋಬಿಯಂ ಬೀಜೋಪಚಾರವೂ ಜೊತೆಗಿರಲಿ.

ವಿಜಯಪುರ, ಕಲಬುರಗಿ ಸೀಮೆಯ ಬಂಧುಗಳಿಗೆ ಒಂದು ಎಚ್ಚರಿಕೆ. ಅಲ್ಲಿನ ಕಪ್ಪು ಮಣ್ಣು ಬಹುಮಟ್ಟಿಗೆ ಕ್ಷಾರೀಯ. ನೆರೆಯೂರಿನವರು ಹಾಕಿದರೆಂದು ಅಲ್ಲಿ ಸುಣ್ಣ ಹಾಕಲಾಗದು. ರೋಗವನ್ನರಿಯದೆ ಮದ್ದು ಕೊಡಬಾರದೆಂಬ ಮಾತು ಮಣ್ಣಿಗೂ ಸಲ್ಲುತ್ತದೆ. ಮಣ್ಣನ್ನು ಮೊದಲು ಕೇಳಿ, ಆನಂತರ ಉಣಿಸೋಣ. ಆಗ ಅದು ನಮಗೂ ನಮ್ಮ ಮಕ್ಕಳಿಗೂ ಉಣಿಸುತ್ತದೆ.